ಆಲೂಗಡ್ಡೆ ಕೀಳುವ ವಾರದ ಓದು

ಕೋಳಿ ಕೂಗುವ ಸದ್ದು. ನಿಜವಾದ ಕೋಳಿಯಲ್ಲ, ಮೊಬೈಲಿನೊಳಗಿನ ಕೋಳಿ. ಓದಿನ ಪರೀಕ್ಷೆಗೆ ಕೂತ ಮಗು ಓದಲು ಶುರುಮಾಡಿ ಸರಿಯಾಗಿ ಒಂದು ನಿಮಿಷವಾದಾಗ ಅದು ಕೂಗುತ್ತಿತ್ತು. ಓದುತ್ತಿದ್ದ ಮಗು ಅರ್ಧ ಪದದಲ್ಲೇ ನಿಂತು ನಗುತ್ತಿತ್ತು. ಹಿಂದೆ ಸರದಿಗೆ ಕಾಯುತ್ತಿದ್ದವರು ನಗುತ್ತಿದ್ದರು, ಕಿಟಕಿಯಲ್ಲಿ ಇಣುಕುತ್ತಿದ್ದವರೂ. ಸ್ಟಾಪ್‌ವಾಚ್ ಕೈಯಲ್ಲಿ ಹಿಡಿದರೆ ಮಕ್ಕಳು ಹೆದರುತ್ತಾರೆ ಎಂದು ನಾಗರತ್ನಳೇ ಆ ಕೋಳಿಯನ್ನು ಆರಿಸಿದ್ದು. ನನ್ನ ಫೋನಿಗೂ ಅವಳೇ ಹಾಕಿಕೊಟ್ಟಿದ್ದಳು.

ಕಳೆದ ವಾರ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಅದೇ ಕೋಳಿ ಕೂಗಿತು. ಯಾರದೋ ಅಲಾರಂ. ಅವರು ಅದನ್ನು ನಿಲ್ಲಿಸಿ ಮತ್ತೆ ಕಣ್ಣು ಮುಚ್ಚಿದರು. ನನಗೆ ಮಾತ್ರ ಇಳಿಯುವ ತನಕ ಕೂತಲ್ಲಿ ಕೂರಲಾಗಲಿಲ್ಲ. ಬ್ಯಾಗಿನ ಜಿಪ್ ಎಳೆಯುವುದು, ಮುಚ್ಚುವುದು, ಕನ್ನಡಕ ಒರೆಸುವುದು. ಪಕ್ಕದಲ್ಲಿದ್ದ ಹೆಂಗಸು ಕೊನೆಗೆ, "ಅಜ್ಜೀ, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದಳು. ನಥಿಂಗ್, ಏನಿಲ್ಲಮ್ಮ, ಅಂದೆ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಹಾಸನಕ್ಕೆ ಬಂದು, ಟೀಚರ್ ಟ್ರೇನಿಂಗ್ ಕೊಡುವ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ನಾಗರತ್ನ ನನ್ನ ಸ್ಟೂಡೆಂಟ್. ಹೊಳೆನರಸೀಪುರದವಳು. ಅವಳ ತಂದೆ ಕೂಲಿ ಮಾಡಿ ಮಗಳನ್ನು ಓದಿಸಿದವರು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವಳ ಡಿಗ್ರಿ ಫೋಟೋ ಇತ್ತು. ಪ್ರೈಮರಿ ಸ್ಕೂಲಿನ ಮೇಡಂ ಆಗಿ, ಆಮೇಲೆ ಟೀಚರುಗಳಿಗೇ ಟ್ರೇನಿಂಗ್ ಕೊಡುವವಳಾಗಿ, ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿದಳು. ಅವಳ ಸಂಶೋಧನೆಯ ವಿಷಯ 'ಜೋಡಿ ಓದು'. ದಿನಕ್ಕೆ ಹದಿನೈದು ನಿಮಿಷ, ಮೂರನೇ ಕ್ಲಾಸಿನ ಒಂದು ಮಗು, ನಾಲ್ಕನೇ ಕ್ಲಾಸಿನ ಒಂದು ಮಗು, ಜೊತೆಗೆ ಕೂತು ಒಂದೇ ಪುಸ್ತಕ ಓದಬೇಕು. ಅಷ್ಟೇ. ಹಾಗೆ ಮಾಡಿದರೆ ಚಿಕ್ಕ ಮಗುವಿನ ಓದು ಸುಧಾರಿಸುತ್ತದೆಯೇ? ನಾಲ್ಕು ತಾಲ್ಲೂಕಿನ ಇಪ್ಪತ್ತು ಶಾಲೆಗಳಲ್ಲಿ ಜೂನ್‌ನಲ್ಲಿ ಒಂದು ಸಲ, ಸೆಪ್ಟೆಂಬರ್‌ನಲ್ಲಿ ಒಂದು ಸಲ, ಮೂರನೇ ಕ್ಲಾಸಿನ ಹನ್ನೆರಡು ಹನ್ನೆರಡು ಮಕ್ಕಳನ್ನು ಓದಿಸಿ ನೋಡಿದ್ದಳು. ರಿಸಲ್ಟ್ ತುಂಬಾ ಚೆನ್ನಾಗಿ ಬಂದಿತ್ತು. ಇದನ್ನು ಎಲ್ಲ ಶಾಲೆಗೂ ತರೋಣ ಎಂಬ ಮಾತು ಇಲಾಖೆಯಲ್ಲಿ ಎದ್ದಿತ್ತು.

ಆಗಲೇ ಸರ್ಕಾರದ ಸುತ್ತೋಲೆ ಬಂದದ್ದು. ವಿಷಯ: ಶಿಕ್ಷಣ ಕ್ಷೇತ್ರದ ಸಂಶೋಧನೆಯ ಗುಣಮಟ್ಟ ಹೆಚ್ಚಿಸುವ ಬಗ್ಗೆ. ಮಕ್ಕಳನ್ನು ಪರೀಕ್ಷಿಸಿದ ಮೂಲ ಹಾಳೆಗಳನ್ನು ಕಾದಿಡಬೇಕು. ಕೆಲವು ಶಾಲೆಗಳಿಗೆ ಹೊರಗಿನವರೊಬ್ಬರು ಹೋಗಿ ಅದೇ ಮಕ್ಕಳನ್ನು ಮತ್ತೆ ಓದಿಸಿ ನೋಡಬೇಕು. ಪ್ರಯೋಗ ಫೇಲಾದರೂ ಆ ಫಲಿತಾಂಶವನ್ನು ಪ್ರಕಟಿಸಬೇಕು, ಮುಚ್ಚಿಡಬಾರದು. ನನಗೆ ಈ ಕೊನೆಯ ಮಾತು ಬಹಳ ಹಿಡಿಸಿತು. ನಮ್ಮ ಕಾಲೇಜಿನ ಲೈಬ್ರರಿಯ ಕಪಾಟು ತುಂಬ ಇದ್ದ ಥೀಸಿಸ್‌ಗಳಲ್ಲಿ ಒಂದರಲ್ಲೂ ಪ್ರಯೋಗ ಸೋತದ್ದನ್ನು ನಾನು ಓದಿರಲಿಲ್ಲ. ಎಲ್ಲವೂ ಗೆದ್ದೇ ಇದ್ದವು, ಮಕ್ಕಳು ಮಾತ್ರ ಮೊದಲಿದ್ದಂತೆಯೇ ಇದ್ದರು.

ಹೊರಗಿನವರು ಎಂದು ನನ್ನನ್ನು ಕರೆದರು. ಸಂಶೋಧಕರ ಪರಿಚಯ ನಿಮಗಿದೆಯೇ ಎಂಬ ಪ್ರಶ್ನೆ ಫಾರಂನಲ್ಲೇ ಇತ್ತು. ಇದೆ, ನನ್ನ ಸ್ಟೂಡೆಂಟ್, ಬೇರೆಯವರನ್ನು ನೋಡಿ ಎಂದೆ. ಶಿಕ್ಷಣ ಇಲಾಖೆಯ ಆಫೀಸಿನ ಸೂಪರಿಂಟೆಂಡೆಂಟ್ ನಕ್ಕರು.

"ಈ ಜಿಲ್ಲೇಲಿ ನಿಮ್ಮ ಸ್ಟೂಡೆಂಟ್ ಅಲ್ದೇ ಇರೋ ಟೀಚರ್‌ನ ಎಲ್ಲಿಂದ ತರೋಣ ಮೇಡಂ? ಹೂಂ ಅನ್ನಿ. ಕಾಪಿ ಹಿಡಿಯೋಕೆ ಸಾಫ್ಟ್‌ವೇರ್ ಬಂತು, ಮಕ್ಕಳನ್ನ ಹಿಡಿಯೋಕೆ ನೀವು ಬನ್ನಿ."

ಹೂಂ ಅಂದೆ. ಫ್ರಾಂಕ್ಲಿ, ಮನೆಯಲ್ಲಿ ಕೂತು ಬೇಜಾರಾಗಿತ್ತು. ಮತ್ತೆ ಮಕ್ಕಳ ಮುಂದೆ ಕೂರಬಹುದು ಎಂಬ ಆಸೆ. ನಾಗರತ್ನಳಿಗೂ ಖುಷಿ. ನನ್ನ ಫೋನಿಗೆ ಕೋಳಿ ಹಾಕುತ್ತ, "ನೀವು ಸ್ಟ್ರಿಕ್ಟಾಗೇ ನೋಡ್ಬೇಕು ಮೇಡಂ. ಆಮೇಲೆ ಯಾರೂ ಮಾತಾಡಬಾರ್ದು," ಅಂದಳು.

ಆ ನವೆಂಬರ್‌ನ ಚಳಿ ನನ್ನ ಮಂಡಿಗೆ ಇನ್ನೂ ನೆನಪಿದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದರೆ ಮಂಜಿನಲ್ಲಿ ಬೋರ್ಡೇ ಕಾಣುತ್ತಿರಲಿಲ್ಲ, ಕಂಡಕ್ಟರ್ ಕೂಗಿದ್ದನ್ನು ಕೇಳಿ ಹತ್ತಬೇಕು. ತಾಲ್ಲೂಕಿಗೊಂದರಂತೆ ನಾಲ್ಕು ಶಾಲೆ ನನ್ನ ಪಾಲಿಗೆ. ಹಾಸನದ ಹತ್ತಿರ ಕೊರವಂಗಲದ ಕಡೆಯ ಒಂದು, ಹೊಳೆನರಸೀಪುರದ್ದು ಒಂದು, ಚನ್ನರಾಯಪಟ್ಟಣದಿಂದ ಆಚೆ ಜಿನನಾಥಪುರಕ್ಕೆ ಹೋಗುವ ದಾರಿಯ ಒಂದು. ಮೂರರಲ್ಲೂ ನಾಗರತ್ನಳ ಹಾಳೆಯಲ್ಲಿದ್ದುದಕ್ಕೂ ನಾನು ಕೇಳಿದ್ದಕ್ಕೂ ಹೆಚ್ಚು ಫರಕಿರಲಿಲ್ಲ. ಅವಳಿಗೆ ಫೋನ್ ಮಾಡಿ ಹೇಳಿಬಿಡಬೇಕು ಎನ್ನಿಸುತ್ತಿತ್ತು. ಹೇಳುವಂತಿಲ್ಲ, ರೂಲ್.

ನಾಲ್ಕನೆಯದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಹೆಸರು ಬೇಡ. ಗೊರೂರಿನ ಮೇಲೆ ಹೋಗುವ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು, ಕೊಯ್ಲಿಗೆ ಬಂದ ರಾಗಿ ಹೊಲದ ಮಧ್ಯೆ ನಡೆದೆ. ಎರಡೇ ಟೀಚರ್ ಇದ್ದ ಸ್ಕೂಲು. ಹೆಡ್ ಮಾಸ್ಟರ್ ಪುಟ್ಟಸ್ವಾಮಿ ಗೇಟಿನ ತನಕ ಬಂದು ನನ್ನ ಬ್ಯಾಗ್ ಇಸಿದುಕೊಂಡರು. ಮಾರ್ಚ್‌ಗೆ ನಿವೃತ್ತಿ. ಮಕ್ಕಳ ಉಗುರನ್ನು ತಾವೇ ಕತ್ತರಿಸುವಂಥ ಮೇಷ್ಟ್ರು. ನಾನು ಹೋದಾಗಲೂ ಅಂಗಿಯ ಜೇಬಿನಲ್ಲಿ ನೇಲ್ ಕಟರ್ ಇತ್ತು.

ಹಾಳೆ ತೆಗೆದು ಮೊದಲ ಹೆಸರು ಕರೆದೆ. "ಚಂದನಾ."

ಚಂದನಾ ಬಂದು ಕೂತಳು. ತೆಳ್ಳಗಿನ ಮಗು, ಮೂಗು ಸುರಿಯುತ್ತಿತ್ತು. ನಾಗರತ್ನಳ ಹಾಳೆಯ ಪ್ರಕಾರ ಇವಳು ಸೆಪ್ಟೆಂಬರ್‌ನಲ್ಲಿ ಪಾಠವನ್ನು ಎಲ್ಲೂ ನಿಲ್ಲದೆ ಓದಿದ್ದಾಳೆ. ನನ್ನೆದುರು ಮೊದಲ ಸಾಲಿನ ಎರಡನೇ ಪದದಲ್ಲಿ ನಿಂತಳು. ಬೆರಳನ್ನು ಆ ಪದದ ಮೇಲಿಟ್ಟು ಒತ್ತಿದಳು, ಒತ್ತಿದರೆ ಅದು ಬಾಯಿ ಬಿಡುತ್ತದೇನೋ ಎಂಬಂತೆ. ಕೋಳಿ ಕೂಗಿತು. ಅವಳು ನಗಲಿಲ್ಲ.

ಹೊಸಬಳನ್ನು ನೋಡಿ ಹೆದರಿರಬೇಕು ಎಂದು ಮುಂದಿನವನನ್ನು ಕರೆದೆ. ಅವನೂ ಹಾಗೇ. ಆಮೇಲಿನವಳೂ. ಹನ್ನೆರಡರಲ್ಲಿ ಐದು ಮಕ್ಕಳು ಹಾಳೆಯಲ್ಲಿದ್ದಂತೆ ಓದಿದರು, ಏಳು ಮಕ್ಕಳು ಓದಲಿಲ್ಲ. ನಾಗರತ್ನ ಇಲ್ಲಿಗೆ ಬರದೆ ಮನೆಯಲ್ಲೇ ಕೂತು ಹಾಳೆ ತುಂಬಿಬಿಟ್ಟಳೇ? ಹಾಗೆ ಯೋಚಿಸಿದೆ ಎಂದು ಬರೆಯಲು ಈಗ ನಾಚಿಕೆ. ಆದರೆ ಯೋಚಿಸಿದೆ.

ಬಾಗಿಲ ಹತ್ತಿರ ನಿಂತಿದ್ದ ಕೊಂಚ ದೊಡ್ಡ ಹುಡುಗಿಯೊಬ್ಬಳು ತಡೆಯಲಾರದೆ ಮುಂದೆ ಬಂದಳು.

"ಮಿಸ್, ಅವ್ಳಿಗೆ ಬರಾಕಿಲ್ಲ. ನಾನು ಓದ್ಲಾ?"

"ನೀನು ಯಾರು ಪುಟ್ಟ?"

"ರಕ್ಷಿತಾ. ನಾಕ್ನೇ ಕ್ಲಾಸು. ನಾನೇ ಅವ್ಳ ಜೋಡಿ. ಅವತ್ತೂ ಅವ್ಳ ಎಸ್ರಲ್ಲಿ ನಾನೇ ಓದಿದ್ದು."

"ಅವಳು ಎಲ್ಲಿದ್ದಳು ಅವತ್ತು?"

"ಆಲೂಗಡ್ಡೆ ಕೀಳಕ್ಕೆ ಓಗಿದ್ಲು, ಅವ್ರವ್ವನ ಜೊತೆ. ಜೋಡಿ ಅಂದ್ಮೇಲೆ ಅವ್ಳಿಲ್ದಿದ್ರೆ ನಾನು ಓದ್ಬೇಕಲ್ವಾ ಮಿಸ್?"

ಚಂದನಾ ತಲೆ ಆಡಿಸಿದಳು, ಹೌದು, ಓದಬೇಕು ಎಂಬಂತೆ. ಇಬ್ಬರಲ್ಲಿ ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ. ಪುಟ್ಟಸ್ವಾಮಿ ಮೇಷ್ಟ್ರ ಮುಖದಲ್ಲೂ ಭಯವಿರಲಿಲ್ಲ, ಆಗಿನ್ನೂ.

"ಸುಳ್ಳು ಯಾಕೇಳ್ಲಿ ಮೇಡಂ," ಅಂದರು. "ಅವತ್ತು ಮೂರ್ನೇ ಕ್ಲಾಸಲ್ಲಿ ಐದೇ ಮಕ್ಳು. ಊರಿಗೂರೇ ಗಡ್ಡೆ ಕೀಳ್ತಿತ್ತು. ಆ ಯಮ್ಮ ಎಷ್ಟೊತ್ಗೆ ಮನೆ ಬುಟ್ಟಿದ್ರೋ, ಎರಡು ಬಸ್ಸು ಬದ್ಲಾಯಿಸ್ಕೊಂಡು, ಕ್ರಾಸಿಂದ ಮಳೇಲಿ ನಡ್ಕೊಂಡು ಬಂದವ್ರೆ. ಸೀರೆ ಅಂಚೆಲ್ಲಾ ಕೆಸ್ರು. ಹನ್ನೆರಡು ಜನ ಬೇಕು ಅಂದ್ರು. ಏಳು ಜನ ಇಲ್ಲ, ವಾಪಸ್ ಓಗ್ಬುಟ್ಟು ಇನ್ನೊಂದಿನ ಬನ್ನಿ ಅಂತ ಎಂಗೆ ಏಳದು? ಎಣ್ಮಗಳ್ನ ಬರಿಗೈಲಿ ಕಳ್ಸಾಕಾಯ್ತದಾ? ಜೋಡಿ ಮಕ್ಳು ಇದ್ರಲ್ಲ, ಅವರ್ನೇ ಕೂರಿಸ್ದೆ."

"ಅವರಿಗೆ ಹೇಳಿದ್ರಾ ಮೇಷ್ಟ್ರೇ?"

"ಏಳಿದ್ರೆ ಬ್ಯಾಡ ಅನ್ನೋರು."

ಅಷ್ಟರಲ್ಲಿ ಊಟದ ಬೆಲ್ ಆಯಿತು. ನಾನು ಹೊರಡುತ್ತೇನೆಂದರೂ ಬಿಡದೆ ಸ್ಕೂಲಿನ ಹಿಂದೆಯೇ ಇದ್ದ ಅವರ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಜಯಮ್ಮ ಬಿಸಿ ಮುದ್ದೆ, ಹಿತಕಿದ ಅವರೆಕಾಳಿನ ಸಾರು ಬಡಿಸಿದರು. "ಇನ್ನೊಂಚೂರು ಆಕುಸ್ಕಳಿ, ಬಸ್ಸಿಗೆ ಇನ್ನೂ ಒತ್ತಿದೆ," ಎನ್ನುತ್ತ ತಟ್ಟೆಗೆ ತುಪ್ಪ ಸುರಿದರು. ಅಷ್ಟು ರುಚಿಯ ಸಾರನ್ನು ನಾನು ಆಮೇಲೆ ಉಂಡಿಲ್ಲ. ಕೈ ತೊಳೆಯುವಾಗ ಮೇಷ್ಟ್ರು ಪಕ್ಕದಲ್ಲಿ ನಿಂತು ನೀರು ಹಾಕುತ್ತ, ಮೊದಲ ಸಲ ದನಿ ತಗ್ಗಿಸಿ ಕೇಳಿದರು.

"ಇದೇನು ಬರೀತೀರಾ ಮೇಡಂ?"

"ಬರೀಲೇಬೇಕು ಮೇಷ್ಟ್ರೇ."

"ಬರೀರಿ. ನನ್ನ ಎಸ್ರು ಮಾತ್ರ ಬ್ಯಾಡ. ಮಾರ್ಚಿಗೆ ಮುಗೀತದೆ. ಮೂವತ್ತಾರು ವರ್ಸದಲ್ಲಿ ಒಂದು ಮೆಮೋ ಇಲ್ಲ ನಂಗೆ."

ಜಯಮ್ಮ ಬಾಗಿಲಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದರು. ನಾನು ಎರಡು ಎಲೆ, ಒಂದು ಅಡಿಕೆ ಎತ್ತಿಕೊಂಡು ಚಪ್ಪಲಿ ಮೆಟ್ಟಿದೆ.

ಆಮೇಲಿನ ಎರಡು ದಿನ ಮನೆಯಲ್ಲಿ ಅಡ್ಡಾಡಿದ್ದೇ ಅಡ್ಡಾಡಿದ್ದು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ತೊಳೆದ ಲೋಟವನ್ನೇ ತೊಳೆಯುವುದು. ಮೂರನೆಯ ದಿನ ರೂಲ್ ಮುರಿದು ಹೊಳೆನರಸೀಪುರದ ಬಸ್ ಹತ್ತಿದೆ. ಭಾನುವಾರ. ನಾಗರತ್ನ ಅಂಗಳದಲ್ಲಿ ತಂದೆಯ ಬನಿಯನ್ ಒಣಗಹಾಕುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ, "ಯಾವ ಸ್ಕೂಲು ಮೇಡಂ?" ಎಂದು ಕೇಳಿದಳು.

ಹೇಳಿದೆ. ಬಕೆಟ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. "ಚಂದನಾ ಅಂತ ಕರೆದಾಗ ಬಂದ ಹುಡುಗಿ ಉದ್ದ ಇದ್ದಳು," ಅಂದಳು. "ಜೂನ್‌ನಲ್ಲಿ ನೋಡಿದ್ದಕ್ಕಿಂತ ಉದ್ದ. ಬೆಳೆದಿದ್ದಾಳೆ ಅಂದ್ಕೊಂಡೆ. ಮೂರು ತಿಂಗಳಲ್ಲಿ ಯಾವ ಮಗು ಅಷ್ಟು ಬೆಳೆಯುತ್ತೆ ಮೇಡಂ? ಆದ್ರೆ ಎಷ್ಟು ಚೆನ್ನಾಗಿ ಓದಿದಳು ಗೊತ್ತಾ. ನಾನು ಮಾಡಿದ್ದು ಫಲ ಕೊಟ್ಟಿದೆ ಅಂತ ಖುಷಿ ಆಗ್ಬಿಡ್ತು. ಖುಷೀಲಿ ಕೇಳಲಿಲ್ಲ."

"ನಿನ್ನದೇನು ತಪ್ಪು? ಮೇಷ್ಟ್ರು ಮಾಡಿದ್ದು. ಪಾಪ, ಒಳ್ಳೆಯ ಮನುಷ್ಯ. ನನಗೆ ಊಟ ಹಾಕದೆ ಬಿಡಲೇ ಇಲ್ಲ ನೋಡು."

"ಮನೆ ಒಳಗಾ?"

"ಹೂಂ, ಮನೆಯಲ್ಲೇ. ಅವರೆಕಾಳು ಸಾರು."

"ನಂಗೂ ಕೊಟ್ರು," ಅಂದಳು. "ಕಾಫಿ. ಸ್ಕೂಲ್ ಜಗಲಿ ಮೇಲೆ, ಪೇಪರ್ ಲೋಟದಲ್ಲಿ. ಮಳೆ ಬರ್ತಿತ್ತು."

ಆ ವಿಷಯವನ್ನು ಅವಳು ಅಲ್ಲಿಗೇ ಬಿಟ್ಟಳು. ಮೂವತ್ತು ವರ್ಷ ಈ ಜಿಲ್ಲೆಯ ಟೀಚರುಗಳಿಗೆ ಪಾಠ ಹೇಳಿದ ನಾನು ಕನ್ನಡಕ ತೆಗೆದು ಒರೆಸಿದೆ. ಒಳಗಿಂದ ಅವಳ ತಂದೆ ಕೆಮ್ಮಿದರು. ಅವಳು ಎದ್ದು ನೀರು ಕೊಟ್ಟು ಬಂದು ಮುಂದೆ ನಿಂತಳು.

"ನನ್ನ ಗೈಡ್‌ಗೆ ಹೇಳಿದ್ರೆ ಆ ಒಂದು ಸ್ಕೂಲ್ ತೆಗೆದುಹಾಕು, ಮುಗೀತು ಅಂತಾರೆ. ಆದ್ರೆ ಗಡ್ಡೆ ಕೀಳ್ತಿದ್ದಿದ್ದು ಅದೊಂದೇ ಊರಲ್ಲಲ್ಲ. ಉಳಿದ ಕಡೆ ಏನಾಗಿದೆಯೋ. ನೀವು ಬರೀರಿ ಮೇಡಂ. ಆದ್ರೆ ಪೂರ್ತಿ ಬರೀರಿ. ಯಾರು ಕೂರಿಸಿದ್ರು, ಯಾಕೆ ಕೂರಿಸಿದ್ರು. ಅರ್ಧ ಬರೆದ್ರೆ ಉಳಿದರ್ಧ ಅವರೇ ತುಂಬ್ಕೋತಾರೆ. ನನ್ನ ವಿಷಯದಲ್ಲಿ ಏನು ತುಂಬ್ಕೋತಾರೆ ಅಂತ ನಿಮಗೆ ಹೇಳ್ಬೇಕಾಗಿಲ್ಲ."

"ಆಫ್‌ಕೋರ್ಸ್," ಅಂದೆ. ಮಾತು ಕೊಟ್ಟ ಹಾಗೆಯೇ.

ಮನೆಗೆ ಬಂದು ಫಾರಂ ಮುಂದೆ ಕೂತೆ. 'ವ್ಯತ್ಯಾಸಕ್ಕೆ ಕಾರಣ' ಎಂಬಲ್ಲಿ ಬೆಂಕಿಪೊಟ್ಟಣದಷ್ಟು ಜಾಗ. ಹೆಚ್ಚು ಬರೆಯುವುದಿದ್ದರೆ ಹಾಳೆ ಲಗತ್ತಿಸಿ ಎಂದೂ ಇತ್ತು. ಹಾಳೆ ತೆಗೆದೆ. ಪುಟ್ಟಸ್ವಾಮಿ ಎಂದು ಬರೆಯಲು ಹೊರಟರೆ ಕೈಗೆ ನೀರು ಹಾಕುತ್ತಿದ್ದ ಅವರ ಚೊಂಬು ಕಣ್ಣೆದುರು ಬರುತ್ತಿತ್ತು. ಅನ್ನ ಹಾಕಿದ ಮನೆಯ ಯಜಮಾನನ ಹೆಸರನ್ನು ದೂರಿನಲ್ಲಿ ಬರೆಯುವುದು ಹೇಗೆ? ಮಾರ್ಚಿಗೆ ಮುಗಿಯುತ್ತದೆ ಅಂದಿದ್ದರು. ಮೂರು ಸಲ ಎದ್ದೆ, ಮೂರು ಸಲ ಕೂತೆ. ಕೊನೆಗೆ ಆ ಚಿಕ್ಕ ಜಾಗದಲ್ಲೇ, 'ಏಳು ಮಕ್ಕಳ ಬದಲಿಗೆ ಮೇಲಿನ ತರಗತಿಯ ಮಕ್ಕಳನ್ನು ಓದಿಸಲಾಗಿದೆ' ಎಂದು ಬರೆದು ಸೈನ್ ಹಾಕಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಷ್ಟ್ರು ಬಚಾವಾದರು, ಸತ್ಯವನ್ನೂ ಹೇಳಿದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಹಾಸನದಲ್ಲಿ ರಿಪೋರ್ಟ್ ಪರಿಶೀಲಿಸುವ ಕಮಿಟಿಯ ಮೀಟಿಂಗ್. ಉದ್ದನೆಯ ಮೇಜು, ಐದಾರು ಜನ ಮೆಂಬರುಗಳು, ಕೊನೆಯಲ್ಲಿ ನಾಗರತ್ನ. ನನ್ನ ರಿಪೋರ್ಟನ್ನು ಒಬ್ಬರು ಗಟ್ಟಿಯಾಗಿ ಓದಿದರು. ಓದಿ ಮುಗಿಸಿದ ಮೇಲೆ ಪಕ್ಕದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಂಥವರಿಗೆ ಪಿಎಚ್‌ಡಿ ಅಂದ್ರೆ ಆತುರ ಜಾಸ್ತಿ. ನಾವು ಅಂದ್ಕೊಂಡಿದ್ದೇ ಆಯ್ತು ಬಿಡಿ."

ಇಂಥವರು ಎಂದರೆ ಯಾರು ಎಂದು ಆ ರೂಮಿನಲ್ಲಿ ಯಾರೂ ಕೇಳಲಿಲ್ಲ. ನಾಗರತ್ನ ಅವರತ್ತ ನೋಡಲಿಲ್ಲ, ನನ್ನತ್ತ ನೋಡಿದಳು. ನಾನು ಎದ್ದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ ಗುಡ್ ಮ್ಯಾನರ್ಸ್ ಎಲ್ಲ ಆಗ ನೆನಪಾಯಿತು: ಕೇಳದೆ ಮಾತಾಡಬಾರದು, ಹಿರಿಯರ ಮಾತಿಗೆ ಅಡ್ಡ ಬರಬಾರದು. ಅಲ್ಲಿ ನನಗಿಂತ ಹಿರಿಯರು ಯಾರೂ ಇರಲಿಲ್ಲ ಎಂಬುದು ನೆನಪಾಗಲಿಲ್ಲ. ನಾಗರತ್ನ ಎದ್ದು, "ಎಲ್ಲ ಇಪ್ಪತ್ತು ಸ್ಕೂಲ್ ಮತ್ತೆ ಮಾಡ್ತೀನಿ ಸರ್, ಜೂನ್‌ನಿಂದ," ಎಂದಷ್ಟೇ ಹೇಳಿ ಹೊರಗೆ ಹೋದಳು. ನಾನು ಕಾರಿಡಾರಿಗೆ ಬರುವಷ್ಟರಲ್ಲಿ ಮೆಟ್ಟಿಲಿಳಿದಿದ್ದಳು.

ಮಾರನೆಯ ಬೆಳಿಗ್ಗೆ ನಾನು ಉದ್ದನೆಯ ಕಾಗದ ಬರೆದು ಆಫೀಸಿಗೆ ಹೋಗಿ ಕೊಟ್ಟೆ. ಮೇಷ್ಟ್ರ ಹೆಸರು, ಅವರು ಹೇಳಿದ ಮಾತು, ರಕ್ಷಿತಾ ಹೇಳಿದ ಮಾತು, ಎಲ್ಲ. ನಾನು ಉಂಡದ್ದನ್ನೂ ಬರೆದೆ. ಸೂಪರಿಂಟೆಂಡೆಂಟ್ ಓದಿ, "ಇದನ್ನ ನಿನ್ನೆ ಹೇಳ್ಬಹುದಿತ್ತಲ್ಲ ಮೇಡಂ," ಅಂದರು. ಪುಟ್ಟಸ್ವಾಮಿಯವರಿಗೆ ಸಮಜಾಯಿಷಿ ಕೇಳಿ ನೋಟಿಸು ಹೋಯಿತು. ಅವರು ಏನನ್ನೂ ಮುಚ್ಚಿಡಲಿಲ್ಲ. ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಮಾಡಿದೆ, ಸಂಶೋಧಕಿಗೆ ಗೊತ್ತಿರಲಿಲ್ಲ, ತಪ್ಪು ನನ್ನದು ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಕಳಿಸಿದರಂತೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಪೆನ್ಷನ್ನಿಗೇನೂ ತೊಂದರೆಯಾಗಲಿಲ್ಲ. ನಾನು ಅಷ್ಟು ಹೆದರಿದ್ದು ಇಷ್ಟಕ್ಕೆ.

ಫೈಲಿನಲ್ಲಿ ನಾಗರತ್ನಳ ಹೆಸರು ತೊಳೆದುಹೋಯಿತು. ಆದರೆ ಫೈಲನ್ನು ಎಷ್ಟು ಜನ ಓದುತ್ತಾರೆ? ಮೀಟಿಂಗಿನಲ್ಲಿ ಕೇಳಿದ ಮಾತು ಅಷ್ಟರೊಳಗೆ ನಾಲ್ಕು ತಾಲ್ಲೂಕು ಸುತ್ತಿತ್ತು. ನಾನು ಎರಡು ಸಲ ಫೋನ್ ಮಾಡಿದೆ. ತೆಗೆದಳು, ಮೇಡಂ ಅಂದಳು, ಕ್ಲಾಸಿದೆ ಅಂದಳು.

ಮುಂದಿನ ಜೂನ್‌ನಲ್ಲಿ ಅವಳು ಹೊಸದಾಗಿ ಶುರುಮಾಡಿದಳು. ಹೊಸ ಮೂರನೇ ಕ್ಲಾಸು, ಹೊಸ ಜೋಡಿಗಳು. ಈ ಸಲ ಒಂದೊಂದು ಮಗುವಿನ ಫೋಟೋ ಹಾಳೆಗೆ ಅಂಟಿಸಿದ್ದಳಂತೆ, ಗಡ್ಡೆ ಕಿತ್ತು ಮುಗಿದ ಮೇಲೆಯೇ ಎರಡನೇ ಸಲ ಓದಿಸಿದಳಂತೆ. ಅದರ ಫಲಿತಾಂಶ ಪ್ರಕಟವಾದಾಗ ತರಿಸಿ ಓದಿದೆ. ಆಗಲೇ ಅಕ್ಷರ ಕೂಡಿಸಲು ಬರುವ ಮಕ್ಕಳಿಗೆ ಜೋಡಿ ಓದಿನಿಂದ ಸ್ವಲ್ಪ ಅನುಕೂಲವಾಗಿದೆ; ಏನೂ ಬಾರದ ಮಕ್ಕಳಿಗೆ ಆಗಿಲ್ಲ; ಅವರ ಬದಲಿಗೆ ದೊಡ್ಡ ಮಗುವೇ ಓದಿಬಿಡುತ್ತದೆ. ಹೀಗೆ ನೇರವಾಗಿ ಬರೆದಿದ್ದಳು. ಎಲ್ಲ ಶಾಲೆಗೂ ತರುವ ಮಾತು ಅಲ್ಲಿಗೆ ನಿಂತಿತು. ಪಿಎಚ್‌ಡಿ ಸಿಕ್ಕಿತು. ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ರಕ್ಷಿತಾಳ ಹೆಸರಿತ್ತು, ಚಂದನಾಳ ಹೆಸರಿತ್ತು. ಪುಟ್ಟಸ್ವಾಮಿಯವರ ಹೆಸರೂ ಇತ್ತು. ನಾನು ಆ ಪುಟವನ್ನು ಎರಡು ಸಲ ಓದಿದೆ.

ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮೊದಲೇ, ಆ ಎರಡನೇ ವರ್ಷದ ಅಕ್ಟೋಬರ್‌ನಲ್ಲಿ. ನೆಂಟರ ಮದುವೆ ಮುಗಿಸಿ ಅರಕಲಗೂಡು ಬಸ್ ಸ್ಟ್ಯಾಂಡಿಗೆ ಬಂದಿದ್ದೆ. ಹೊಳೆನರಸೀಪುರದ ಬಸ್ಸು ಹೊರಡಲು ಗುರುಗುಡುತ್ತಿತ್ತು. ಕಿಟಕಿಯ ಪಕ್ಕ ನಾಗರತ್ನ. ತೊಡೆಯ ಮೇಲೆ ದಾರ ಕಟ್ಟಿದ ಹಾಳೆಗಳ ಕಟ್ಟು. ನಿಂತಿದ್ದ ಯಾರೋ ಹೆಂಗಸು ತನ್ನ ಕೂಸನ್ನು ಅವಳ ಕೈಗೆ ಕೊಟ್ಟಿದ್ದಳು, ಅದು ಆ ಕಟ್ಟಿನ ಮೇಲೆಯೇ ಕೂತಿತ್ತು. ಮಂಡಿ ನೋವಿನಲ್ಲೂ ಬೇಗ ಬೇಗ ನಡೆದು ಕಿಟಕಿಯ ಕೆಳಗೆ ಹೋಗಿ ನಿಂತೆ.

ನನ್ನನ್ನು ಕಂಡು ಅವಳೇ ಗಾಜು ಸರಿಸಿದಳು.

"ಆ ಮೇಷ್ಟ್ರಿದ್ದ ಸ್ಕೂಲ್ ಇವತ್ತು ಆಯ್ತು ಮೇಡಂ. ಎರಡು ಸಲ ಬರ್ಬೇಕಾಯ್ತು. ಮೊದಲ ದಿನ ನಾಲ್ಕು ಮಕ್ಕಳು ಬಂದಿರಲಿಲ್ಲ, ವಾಪಸ್ ಹೋದೆ."

ಇನ್‌ಸ್ಪೆಕ್ಟರಿಗೆ ಲೆಕ್ಕ ಒಪ್ಪಿಸುವವರ ದನಿ. ನಗು ಇರಲಿಲ್ಲ, ಕೋಪವೂ ಇರಲಿಲ್ಲ.

"ನಾಗರತ್ನ, ಅವತ್ತು ಮೀಟಿಂಗ್‌ನಲ್ಲಿ ನಾನು..."

"ಮಂಡಿ ನೋವು ಹೇಗಿದೆ ಮೇಡಂ?"

"ಇದೆ," ಅಂದೆ.

ಕಂಡಕ್ಟರ್ ರೈಟ್ ಎಂದ. ಕೂಸು ಕಟ್ಟಿನ ದಾರಕ್ಕೆ ಕೈ ಹಾಕಿ ಎಳೆಯುತ್ತಿತ್ತು, ಮೇಲಿನ ಒಂದು ಹಾಳೆಯ ತುದಿ ಆಗಲೇ ಮಡಚಿಹೋಗಿತ್ತು. ನಾಗರತ್ನ ತಲೆ ಬಗ್ಗಿಸಿ ಅದರ ಬೆರಳುಗಳನ್ನು ಒಂದೊಂದಾಗಿ, ನೋವಾಗದ ಹಾಗೆ ಬಿಡಿಸತೊಡಗಿದಳು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ರಸ್ತೆಗೆ ಇಳಿಯುವ ತನಕ ನಾನು ಅಲ್ಲೇ ನಿಂತಿದ್ದೆ. ಅವಳು ಇನ್ನೂ ಬೆರಳು ಬಿಡಿಸುತ್ತಲೇ ಇದ್ದಳು.